ಬಲೂನ್ ಗನ್ನಿನ ಟ್ರಿಗರ್ ಪಿನ್ನು ಪದೇ ಪದೇ ಹೊರಗೆ ಜಾರುತ್ತಿದೆ, ಏನು ಮಾಡೋದು?

ಬಲೂನ್ ಬೋರ್ಡು, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಮ್ಮದು ಜಾತ್ರೆಗಳಲ್ಲಿ ಬಲೂನ್ ಹೊಡೆಯೋ ಅಂಗಡಿ. ಮೊದಲು ಅಪ್ಪ ನಡೆಸುತ್ತಿದ್ದರು. ಅವರಿಗೆ ಮಂಡಿ ನೋವು ಶುರುವಾದ ಮೇಲೆ ನಾನು ನೋಡಿಕೊಳ್ಳುತ್ತಿದ್ದೇನೆ. ಸುತ್ತೂರು, ಮುಡುಕುತೊರೆ, ಮೇಲುಕೋಟೆ ವೈರಮುಡಿ, ನಂಜನಗೂಡು ದೊಡ್ಡ ಜಾತ್ರೆ, ಹೀಗೆ ಸುತ್ತುತ್ತೇವೆ. ಮಳೆ ಹಿಡಿದರೆ ಗದ್ದೆ ಕೆಲಸ.

ಅಂಗಡಿಯಲ್ಲಿ ಮೂರು ಏರ್ ಗನ್ನು ಇವೆ. ಮೂರೂ ನಳಿಗೆ ಮಡಚಿ ಗುಂಡು ಹಾಕೋ ಸ್ಪ್ರಿಂಗ್ ಗನ್ನುಗಳೇ. ಎರಡು ಚೆನ್ನಾಗಿವೆ. ಮೂರನೆಯದು ಅಪ್ಪನ ಕಾಲದ್ದು, ಅದೇ ಈಗ ತಲೆನೋವು. ಎರಡು ವರ್ಷದ ಹಿಂದೆ ಯಾರೋ ಗಿರಾಕಿ ಕೈ ಜಾರಿ ಬೀಳಿಸಿ ಮರದ ಕಟ್ಟು, ಅಂದರೆ ಭುಜಕ್ಕೆ ಇಟ್ಟು ಹಿಡಿಯೋ ಮರದ ಭಾಗ, ಕತ್ತಿನ ಹತ್ತಿರ ಮುರಿಯಿತು. ಹೊಸ ಕಟ್ಟು ಎಲ್ಲೂ ಸಿಗಲಿಲ್ಲ. ನಮ್ಮೂರ ಆಚಾರಿ ಹತ್ತಿರ ಬಾಗಿಲ ಚೌಕಟ್ಟಿಗೆ ತಂದು ಉಳಿದಿದ್ದ ಹಲಸಿನ ತುಂಡೊಂದಿತ್ತು, ಅದರಲ್ಲೇ ಮಾಡಿಕೊಟ್ಟ. ನೋಡೋಕೆ ಹಳೆಯದಕ್ಕಿಂತ ಚೆಂದ. ಮೊದಲು ಕಬ್ಬಿಣದ ಭಾಗ ಒಳಗೆ ಕೂರಲಿಲ್ಲ. ಉಳಿಯಲ್ಲಿ ಎರಡೂ ಕಡೆ ಸ್ವಲ್ಪ ಕೆತ್ತಿದ, ಆಮೇಲೆ ಸರಾಗವಾಗಿ ಹೋಯಿತು. ಟ್ರಿಗರಿನ ಒಂದು ಪಿನ್ನೂ ಆಗಲೇ ಎಲ್ಲೋ ಕಳೆದುಹೋಯಿತು. ಅದರ ಜಾಗಕ್ಕೆ ಮೊಳೆ ಕತ್ತರಿಸಿ ಹಾಕಿದ್ದೇನೆ.

ಈಗ ತೊಂದರೆ ಏನೆಂದರೆ, ಮೂವತ್ತು ನಲವತ್ತು ಏಟು ಆಗುವಷ್ಟರಲ್ಲಿ ಪಿನ್ನು ಪಕ್ಕಕ್ಕೆ ಸರಿದಿರುತ್ತದೆ. ಟ್ರಿಗರ್ ಲೊಟಲೊಟ ಅನ್ನುತ್ತದೆ. ಒಂದು ಸಲ ಎಳೆದರೆ ಗಟ್ಟಿ, ಇನ್ನೊಂದು ಸಲ ಬೆರಳು ಸೋಕಿದರೆ ಸಾಕು, ಟಪ್. ಎರಡು ಸ್ಕ್ರೂ ಬಿಚ್ಚಿ, ಪಿನ್ನು ಒಳಗೆ ತಳ್ಳಿ, ಮತ್ತೆ ಕಟ್ಟಬೇಕು. ಜಾತ್ರೆ ಜನದ ಮಧ್ಯೆ ಪೆಟ್ರೋಮ್ಯಾಕ್ಸ್ ಥರ ಇದನ್ನೇ ರಿಪೇರಿ ಮಾಡುತ್ತಾ ಕೂರೋಕಾಗುತ್ತಾ?

ಇಲ್ಲಿವರೆಗೆ ಮಾಡಿದ್ದು: ಪಿನ್ನಿನ ತುದಿಯನ್ನು ಸುತ್ತಿಗೆಯಲ್ಲಿ ಬಡಿದು ಅಗಲ ಮಾಡಿದೆ, ಒಂದು ದಿನ ನಿಂತಿತು. ನೂಲು ಸುತ್ತಿ ಹಾಕಿದೆ, ಎಣ್ಣೆ ಕುಡಿದು ಬಿಚ್ಚಿಕೊಂಡಿತು. ಫೆವಿಕ್ವಿಕ್ ಬಿಟ್ಟೆ, ಟ್ರಿಗರೇ ಅಂಟಿ ಕೂತಿತು. ಅದನ್ನು ಬಿಡಿಸೋಕೆ ಅರ್ಧ ದಿನ.

ಇನ್ನೊಂದು. ಸುತ್ತೂರಿನಲ್ಲಿ ಗುಂಡು ಹಾಕುವಾಗ ಮಡಚಿದ್ದ ನಳಿಗೆ ತಾನಾಗೇ ಪಟ್ಟನೆ ಮೇಲೆದ್ದು ಹೆಬ್ಬೆರಳಿಗೆ ಬಡಿಯಿತು. ಉಗುರು ಕಪ್ಪಗಾಗಿದೆ, ಅಷ್ಟೇ. ಅದು ನನ್ನ ಅವಸರ ಇರಬಹುದು.

ಮುಡುಕುತೊರೆಗೆ ಇನ್ನು ಜಾಸ್ತಿ ದಿನ ಇಲ್ಲ. ಗೊತ್ತಿರೋರು ದಾರಿ ಹೇಳಿ.

ಕೆ.ಆರ್. ನಗರ ಹುಡುಗ

ಅಣ್ಣಾ, ಫೆವಿಕ್ವಿಕ್ ಅಲ್ಲ, ಎಂ-ಸೀಲ್ ಹಾಕು. ನಮ್ಮ ಬೋರ್‌ವೆಲ್ ಪೈಪಿಗೆ ಹಾಕಿದ್ದು ಐದು ವರ್ಷ ಆಯ್ತು, ಅಲ್ಲಾಡಿಲ್ಲ. ಇಲ್ಲಾಂದ್ರೆ ಎರಡು ತುದಿಗೂ ವೆಲ್ಡಿಂಗ್ ಒಂದೊಂದು ಚುಕ್ಕೆ ಇಡಿಸಿಬಿಡು. ಕಥೆ ಮುಗೀತು.

ಕೋರ್ಟ್ ಹಾದಿ, ಮೈಸೂರು

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಕಟ್ಟು ಮನೆಯಲ್ಲಿ ಮಾಡಿದ್ದು, ಪಿನ್ನು ಮೊಳೆ ಅಂತ ಓದಿ ಒಂದು ಕ್ಷಣ ಗಾಬರಿಯಾಯಿತು. ಇದು ಗಾಳಿಯಲ್ಲಿ ಹೊಡೆಯೋ ಏರ್ ಗನ್ನೇ ತಾನೆ? ಮದ್ದು ತುಂಬೋ ನಾಡಕೋವಿ ಅಲ್ಲವಲ್ಲ?

ಕೇಳೋಕೆ ಕಾರಣ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಅಳತೆ ಮೀರದ, 20 ಜೂಲ್ ಶಕ್ತಿ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಅದರಾಚೆಗೆ ಹೋದರೆ ಬೇಕು. ನಾಡಕೋವಿಯ ಕಥೆಯೇ ಬೇರೆ. 1959ರ ಕಾಯ್ದೆಯ 5ನೇ ಕಲಮಿನಲ್ಲಿ ತಯಾರಿಕೆ ಒಂದೇ ಅಲ್ಲ, ರಿಪೇರಿ ಮಾಡೋದಕ್ಕೂ ಲೈಸೆನ್ಸ್ ಬೇಕು ಅಂತಿದೆ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು. "ಪಕ್ಕದ ಕೊಡಗಿನಲ್ಲಿ ಎಲ್ಲರ ಮನೆಯಲ್ಲೂ ಇರುತ್ತಲ್ಲ ಸಾರ್" ಅಂತ ನನ್ನ ಹತ್ತಿರ ಬರೋರು ವಾದ ಮಾಡುತ್ತಾರೆ. ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿಯವರಿಗೆ (ಅಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನವರು) ಇರೋ ವಿನಾಯಿತಿ. ಅದೂ ಇಟ್ಟುಕೊಳ್ಳೋದಕ್ಕೆ, ಕೊಟ್ಟಿಗೆಯಲ್ಲಿ ಕೂತು ಮಾಡೋದಕ್ಕಲ್ಲ.

ನಿಮ್ಮದು ಬಲೂನ್ ಗನ್ನಾದರೆ ಚಿಂತೆ ಇಲ್ಲ. ಕೊಂಡ ರಸೀದಿ ಇದ್ದರೆ ಅಂಗಡಿಯಲ್ಲೇ ಒಂದು ಪ್ರತಿ ಇಟ್ಟುಕೊಳ್ಳಿ. ಪಿನ್ನಿನ ವಿಚಾರ ನನಗೆ ಗೊತ್ತಿಲ್ಲ, ಗೊತ್ತಿರೋರು ಬರುತ್ತಾರೆ.

ಬಲೂನ್ ಬೋರ್ಡು, ಮಂಡ್ಯ

ಏರ್ ಗನ್ನೇ ಸಾರ್. ಪೆಲೆಟ್ 4.5 ಎಂಎಂ, ಅದೇ .177. ಕಂಪನಿ ಮಾಲೇ, ಮರ ಮತ್ತು ಒಂದು ಪಿನ್ನು ಮಾತ್ರ ನಮ್ಮದು. ರಸೀದಿ ಅಪ್ಪನ ಟ್ರಂಕಿನಲ್ಲಿದೆ, ಇಲಿ ಒಂದು ಮೂಲೆ ತಿಂದಿದೆ, ನಂಬರ್ ಉಳಿದಿದೆ.

ಕೆ.ಆರ್. ನಗರದ ತಮ್ಮಾ, ವೆಲ್ಡಿಂಗ್ ಬೇಡಪ್ಪ. ನಾಳೆ ಸ್ಪ್ರಿಂಗ್ ಬದಲಾಯಿಸಬೇಕಾದರೆ ಗನ್ನನ್ನೇ ಕೊಯ್ಯಬೇಕಾಗುತ್ತದೆ.

ಹಳೇ ಫಿಟ್ಟರ್, ಮೇಟಗಳ್ಳಿ

ಮಂಡ್ಯದವರೇ, ನೀವು ಕೊನೆಯಲ್ಲಿ "ಇನ್ನೊಂದು" ಅಂತ ಬರೆದಿರಲ್ಲ, ಅದೇ ಮೊದಲನೆಯದು. ಉಗುರು ಕಪ್ಪಗಾಯಿತು, ಅಷ್ಟೇ ಅಂದಿರಿ. ಅಷ್ಟೇ ಅಲ್ಲ. ಮಡಚಿದ ನಳಿಗೆ ತಾನಾಗೇ ಎದ್ದಿತು ಅಂದರೆ ಒಳಗೆ ಪಿಸ್ಟನ್ ಹಿಡಿದಿರೋ ಕೊಕ್ಕೆ ಬಿಟ್ಟಿತು ಅಂತ ಅರ್ಥ. ಆ ಕೊಕ್ಕೆ ಕೂತಿರೋದೇ ಆ ಪಿನ್ನಿನ ಮೇಲೆ. ಅದರ ಹಿಂದೆ ಇರೋ ಸ್ಪ್ರಿಂಗ್ ಎಷ್ಟು ಗಟ್ಟಿ ಅಂತ ದಿನಾ ಮಡಚೋ ನಿಮ್ಮ ತೋಳಿಗೇ ಗೊತ್ತು. ಬೆರಳು ನಳಿಗೆಯ ಸಂದಿಯಲ್ಲಿ ಇದ್ದಿದ್ದರೆ ಉಗುರಲ್ಲ, ಮೂಳೆಯೇ ಹೋಗುತ್ತಿತ್ತು. ಇವತ್ತಿನಿಂದ ಆ ಗನ್ನು ಬೋರ್ಡಿನ ಮುಂದೆ ಬರಬಾರದು. ಉಳಿದ ಎರಡರಲ್ಲೂ ಗುಂಡು ಹಾಕುವಾಗ ಒಂದು ಕೈ ನಳಿಗೆಯನ್ನು ಗಟ್ಟಿಯಾಗಿ ಹಿಡಿದಿರಲಿ, ಇನ್ನೊಂದು ಕೈಯಲ್ಲಿ ಪೆಲೆಟ್. ಮಡಚಿದ ಗನ್ನನ್ನು ಗಿರಾಕಿ ಕೈಗೆ ಕೊಡಬೇಡಿ.

ಇನ್ನು ಪಿನ್ನು. ನಾನು ಮೂವತ್ತೊಂದು ವರ್ಷ ಟೂಲ್ ರೂಮಿನಲ್ಲಿ ಕೆಲಸ ಮಾಡಿದವನು. ಅಚ್ಚು, ಜಿಗ್ಗು, ಡೋವೆಲ್ ಪಿನ್ನು, ಇದೇ ಜೀವನ. ರಿಟೈರ್ ಆದ ಮೇಲೆ ಬೀದಿ ಹುಡುಗರು ಏರ್ ಗನ್ನು, ಟೈಲರ್ ಮಿಷನ್ನು, ಸೈಕಲ್ ಪೆಡಲ್ಲು ಎಲ್ಲ ತಂದು ಕೊಡುತ್ತಾರೆ. ಹೆಂಡತಿ ಬೈಯುತ್ತಾಳೆ, ಆದರೂ ಮಾಡುತ್ತೇನೆ. ಚಿಕ್ಕವನಿದ್ದಾಗ ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದಲ್ಲಿ ನಮ್ಮ ತಾತ ಬಲೂನ್ ಹೊಡೆಸುತ್ತಿದ್ದರು. "ಕುದುರೆ ಎಳೆಯಬೇಡ, ಹಿಂಡು" ಅನ್ನುತ್ತಿದ್ದರು. ಟ್ರಿಗರಿಗೆ ಅವರು ಕುದುರೆ ಅಂತಲೇ ಅನ್ನುತ್ತಿದ್ದದ್ದು. ನಾನು ಮಣ್ಣಿನ ಕುದುರೆ ಎಲ್ಲಿದೆ ಅಂತ ಸುತ್ತ ಹುಡುಕಿದ್ದೆ.

ಸರಿ. ನೀವು ಬರೆದದ್ದರಲ್ಲಿ ನನಗೆ ಕಣ್ಣಿಗೆ ಬಿದ್ದದ್ದು ಮೊಳೆ ಅಲ್ಲ, ಉಳಿ. "ಎರಡೂ ಕಡೆ ಸ್ವಲ್ಪ ಕೆತ್ತಿದ, ಸರಾಗವಾಗಿ ಹೋಯಿತು" ಅಂದಿರಲ್ಲ, ಅಲ್ಲೇ ಇದೆ ರೋಗ. ಈ ಥರದ ಎಷ್ಟೋ ಗನ್ನುಗಳಲ್ಲಿ ಟ್ರಿಗರ್ ಪಿನ್ನಿಗೆ ತಲೆ ಇಲ್ಲ, ಕ್ಲಿಪ್ ಇಲ್ಲ, ಏನೂ ಇಲ್ಲ. ಸುಮ್ನೆ ಒಂದು ನುಣ್ಣನೆ ಕಡ್ಡಿ. ಅದು ಹೊರಗೆ ಬರದಂತೆ ತಡೆಯೋದು ಯಾರು? ಪಕ್ಕದ ಮರ. ಕಂಪನಿಯ ಕಟ್ಟಿನಲ್ಲಿ ಗಾಡಿ, ಅಂದರೆ ಕಬ್ಬಿಣ ಕೂರೋಕೆ ಮರದಲ್ಲಿ ಕೊರೆದ ಜಾಗ, ಎಷ್ಟು ಬಿಗಿ ಇರುತ್ತದೆ ಅಂದರೆ ಪಿನ್ನು ಸರಿಯೋಕೆ ಜಾಗವೇ ಇರಲ್ಲ. ನಿಮ್ಮ ಆಚಾರಿ ಗೋಡೆಯನ್ನು ಹಿಂದಕ್ಕೆ ಸರಿಸಿದ. ಅವನದು ತಪ್ಪು ಅನ್ನಲ್ಲ, ಬಾಗಿಲಾಗಿದ್ದರೆ ಅದೇ ಸರಿ. ಸ್ಪ್ರಿಂಗ್ ಗನ್ನು ಒಂದೇ ಏಟಿಗೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಒದೆಯುತ್ತದೆ. ಜಾಗ ಇದ್ದರೆ ಪಿನ್ನು ನಡೆದೇ ನಡೆಯುತ್ತದೆ.

ಹಾಗಂತ ನನ್ನ ಮಾತು ನಂಬಬೇಡಿ, ನೋಡಿ. ನಳಿಗೆ ಮುಚ್ಚಿರಲಿ, ಒಳಗೆ ಪೆಲೆಟ್ ಇರಬಾರದು, ಸ್ಪ್ರಿಂಗ್ ಎಳೆದಿರಬಾರದು. ಆಮೇಲೆ ಸ್ಕ್ರೂ ಬಿಚ್ಚಿ ಮರ ಬೇರೆ ಮಾಡಿ. ಗಾಡಿಯ ಒಳಗೋಡೆಗೆ ಬ್ಯಾಟರಿ ಬಿಡಿ. ಪಿನ್ನು ಬಂದು ಕುಟ್ಟೋ ಕಡೆ ಮರದಲ್ಲಿ ಗುಳಿ ಬಿದ್ದಿರಬೇಕು, ಕಬ್ಬಿಣದ ಮುಂದೆ ಹಲಸು ಮೆತ್ತಗೆ. ಕಬ್ಬಿಣಕ್ಕೂ ಮರಕ್ಕೂ ಎಷ್ಟು ಸಂದಿ ಇದೆ ಅಂತ ಮದುವೆ ಕಾಗದದ ಚೂರು ಮಡಚಿ ತುರುಕಿ ನೋಡಿ. ಯಾವಾಗಲೂ ಒಂದೇ ಕಡೆಗೆ ಬರುತ್ತಾ, ಎರಡೂ ಕಡೆಗಾ?

ಎರಡನೆಯದು, ಸವೆದಿರೋದು ಪಿನ್ನೋ ತೂತೋ ಗೊತ್ತಾಗಬೇಕು. ಪಿನ್ನನ್ನು ವರ್ನಿಯರಿನಲ್ಲಿ (ದಪ್ಪ ಅಳೆಯೋ ಉಪಕರಣ) ಮಧ್ಯದಲ್ಲೂ ತುದಿಯಲ್ಲೂ ಅಳೆಯಿರಿ. ತೂತಿನೊಳಗೆ ವರ್ನಿಯರ್ ನಂಬಬೇಡಿ. ಪಿನ್ನಿನ ಅಳತೆಯದೇ ಹೊಸ ಡ್ರಿಲ್ ಬಿಟ್ಟಿನ ಹಿಂಬದಿ, ಆ ನುಣ್ಣನೆ ಭಾಗ ಇದೆಯಲ್ಲ, ಅದನ್ನು ತೂತಿಗೆ ಹಾಕಿ ನೋಡಿ. ಅದು ಬಿಗಿಯಾಗಿ ಕೂತರೆ ತೂತು ಚೆನ್ನಾಗಿದೆ, ಪಿನ್ನು ಕೆಟ್ಟಿದೆ. ಅದೂ ಅಲ್ಲಾಡಿದರೆ ತೂತು ಮೊಟ್ಟೆ ಆಕಾರ ಆಗಿದೆ. ಆಗ ಮನೆ ಕೆಲಸ ಅಲ್ಲ, ಲೇತ್ ಇರೋ ಕಡೆ ಹೋಗಬೇಕು.

ಮೊಳೆ ತೆಗೆದು ಬಿಸಾಕಿ. ಮೊಳೆ ಹುಟ್ಟಿದ್ದು ಮರಕ್ಕೆ. ಮೆತ್ತನೆ ಕಬ್ಬಿಣ, ಮೇಲೆ ಗೀರು, ದುಂಡಗೂ ಇರಲ್ಲ.

ಪಿನ್ನು ಹೊರಗೆ ತೆಗೆಯೋ ಮುಂಚೆ ಒಂದು ಎಚ್ಚರಿಕೆ. ಕೆಲವು ಮಾಡೆಲಿನಲ್ಲಿ ಸಿಲಿಂಡರಿನ ಹಿಂದಿನ ಮುಚ್ಚಳವನ್ನೂ ಒಂದು ಅಡ್ಡ ಪಿನ್ನೇ ಹಿಡಿದಿರುತ್ತದೆ. ಸ್ಪ್ರಿಂಗ್ ಎಳೆಯದೆ ಇದ್ದರೂ ಒಳಗೆ ಒತ್ತಿಕೊಂಡೇ ಕೂತಿರುತ್ತದೆ. ಆ ಪಿನ್ನು ಎಳೆದರೆ ಮುಚ್ಚಳ ಮುಖಕ್ಕೆ ಬರುತ್ತದೆ. ಯಾವ ಪಿನ್ನು ಯಾವುದು ಅಂತ ಗೊತ್ತಿಲ್ಲದಿದ್ದರೆ ಮುಟ್ಟಬೇಡಿ. ಫೋಟೋ ಹಾಕಿ.

ಮತ್ತೆ, ಕೊಕ್ಕೆ ಕಚ್ಚೋ ಮುಖಕ್ಕೆ ಅರ ಹಚ್ಚಬೇಡಿ. ಟ್ರಿಗರ್ ಹಗುರ ಮಾಡ್ತೀನಿ ಅಂತ ಹೋಗಿ ಕೆಡಿಸಿದ ಗನ್ನುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಬಲೂನ್ ಬೋರ್ಡು, ಮಂಡ್ಯ

ಗುರುಗಳೇ, ಕೈ ಮುಗಿದೆ. ನಿನ್ನೆ ರಾತ್ರಿಯೇ ಬಿಚ್ಚಿದೆ.

ಎಡಗಡೆ ಮರದಲ್ಲಿ ಗುಳಿ ಇದೆ! ಶೇಂಗಾ ಬೀಜದ ಅರ್ಧದಷ್ಟು. ಅದರೊಳಗೆ ಕಪ್ಪು ಎಣ್ಣೆ ಕೂತಿದೆ. ಬಲಗಡೆ ಏನೂ ಇಲ್ಲ. ಎಡಗಡೆ ಸಂದಿಯಲ್ಲಿ ಮದುವೆ ಕಾಗದ ನಾಲ್ಕು ಮಡಿಕೆ ಹೋಯಿತು. ಬಲಗಡೆ ಒಂದೇ ಮಡಿಕೆ, ಅದೂ ಕಷ್ಟಪಟ್ಟು. ಎರಡು ವರ್ಷ ನಾನು ಪಿನ್ನನ್ನೇ ಬೈಯುತ್ತಿದ್ದೆ, ಮರವನ್ನು ಒಂದು ದಿನ ನೋಡಿರಲಿಲ್ಲ.

ವರ್ನಿಯರ್ ಪಕ್ಕದ ಬೀದಿ ಟ್ರ್ಯಾಕ್ಟರ್ ಗ್ಯಾರೇಜಿನಿಂದ ತಂದೆ. ಕಂಪನಿ ಪಿನ್ನು ತುದಿಯಲ್ಲಿ 4.0 ಇದೆ, ಮಧ್ಯದಲ್ಲಿ ಕೂದಲೆಳೆಯಷ್ಟು ಕಮ್ಮಿ. ಮೊಳೆ 3.7. ತಿರುಗಿಸಿ ಅಳೆದರೆ ಇನ್ನೂ ಬೇರೆ ಬರುತ್ತದೆ. 4 ಎಂಎಂ ಹೊಸ ಡ್ರಿಲ್ಲಿನ ಹಿಂಬದಿ ಹಾಕಿದೆ. ಟ್ರಿಗರ್ ಪಿನ್ನಿನ ತೂತಿನಲ್ಲಿ ಚೆನ್ನಾಗಿ ಕೂತಿತು. ಮೊಳೆ ಇದ್ದ ತೂತಿನಲ್ಲಿ ಬಲಗಡೆ ಬಿಗಿ, ಎಡಗಡೆ ಸ್ವಲ್ಪವೇ ಸ್ವಲ್ಪ ಅಲ್ಲಾಡುತ್ತದೆ. ಮೊಳೆ ಇದ್ದದ್ದು ನೀವು ಹೇಳಿದ ಕೊಕ್ಕೆಗೆ. ಹಿಂದಿನ ಮುಚ್ಚಳಕ್ಕೆ ಈ ಗನ್ನಿನಲ್ಲಿ ಬೇರೆ ದಪ್ಪ ಪಿನ್ನಿದೆ, ಅದನ್ನು ಮುಟ್ಟಿಲ್ಲ. ಫೋಟೋ ಹಾಕಿದ್ದೇನೆ, ಬೆಳಕು ಕಮ್ಮಿ, ಹಿಂದೆ ಕಾಣೋ ಕೈ ನಮ್ಮಪ್ಪಂದು.

ಅಪ್ಪನಿಗೆ ನಿಮ್ಮ ಬರಹ ಓದಿ ಹೇಳಿದೆ. "ಉಗುರಿನ ವಿಷಯ ನನಗ್ಯಾಕೆ ಹೇಳಲಿಲ್ಲ" ಅಂತ ಒಂದು ಗಂಟೆ ಬೈದರು.

ಹಳೇ ಫಿಟ್ಟರ್, ಮೇಟಗಳ್ಳಿ

ಫೋಟೋ ನೋಡಿದೆ. ಅಪ್ಪನವರು ಬೈದದ್ದು ಸರಿ.

ಪಿನ್ನು ಎರಡೂ ಹೊಸದು ಹಾಕಿ. ಬೇರಿಂಗ್ ಅಂಗಡಿಯಲ್ಲಿ 4 ಎಂಎಂ ಡೋವೆಲ್ ಪಿನ್ನು ಕೇಳಿ, ಗಟ್ಟಿ ಮಾಡಿದ್ದೇ ಬರುತ್ತದೆ. ಬೇಕಾದ ಉದ್ದ ಸಿಗದಿದ್ದರೆ ಉದ್ದದ್ದು ತಂದು ಗ್ರೈಂಡರಿನಲ್ಲಿ ಉಜ್ಜಿಸಿ, ನಡುನಡುವೆ ನೀರಿಗೆ ಅದ್ದಬೇಕು. ಬಿಸಿಗೆ ನೀಲಿ ತಿರುಗಿದರೆ ಗಟ್ಟಿತನ ಹೋಯಿತು ಅಂತ ತಿಳಿಯಿರಿ. ಹೊಸ ಪಿನ್ನನ್ನು ಹಳೆಯದರ ಬೆನ್ನಿಗೇ ಇಟ್ಟು ಮೆಲ್ಲಗೆ ತಟ್ಟುತ್ತಾ ಬನ್ನಿ. ಹಳೆಯದು ಆಚೆ ಬೀಳೋ ಹೊತ್ತಿಗೆ ಹೊಸದು ಅದರ ಜಾಗದಲ್ಲಿರುತ್ತದೆ, ಒಳಗಿನ ಪುಟ್ಟ ಸ್ಪ್ರಿಂಗ್ ಹಾರಿ ಮಂಚದ ಕೆಳಗೆ ಹೋಗಲ್ಲ. ತಟ್ಟೋದು ಹಿತ್ತಾಳೆ ಕಡ್ಡಿಯಲ್ಲಿ.

ಪಿನ್ನು ಕಬ್ಬಿಣದ ಗೋಡೆಯ ತೂತಿನಲ್ಲಿ ಬಿಗಿ ಇರಬೇಕು, ಟ್ರಿಗರಿನ ತೂತಿನಲ್ಲಿ ಸಡಿಲ ಇರಬೇಕು. ಟ್ರಿಗರ್ ಬಿಟ್ಟರೆ ತಾನಾಗಿ ಹಿಂದೆ ಬರಬೇಕು. ಬರದಿದ್ದರೆ ಬಲವಂತ ಮಾಡದೆ ನಿಲ್ಲಿಸಿ.

ಎಡಗಡೆ ಅಲ್ಲಾಡೋ ತೂತನ್ನು ಮನೆಯಲ್ಲಿ ದೊಡ್ಡದು ಮಾಡೋಕೆ ಹೋಗಬೇಡಿ. ಕೈ ಡ್ರಿಲ್ಲಿನಲ್ಲಿ ತೂತು ಓರೆ ಹೋದರೆ ಕೊಕ್ಕೆ ಓರೆ ಕೂರುತ್ತದೆ. ಮೈಸೂರಿಗೆ ಬರೋದಿದ್ದರೆ ತನ್ನಿ. ಹೆಬ್ಬಾಳದ ಕಡೆ ನನ್ನ ಶಿಷ್ಯನ ಲೇತ್ ಇದೆ, ಸಣ್ಣ ಬುಶ್, ಅಂದರೆ ತೂತಿನೊಳಗೆ ಕೂರೋ ಕೊಳವೆ, ಹಾಕಿಸಿಕೊಡುತ್ತೇನೆ. ಚಹಾ ನಿಮ್ಮದು.

ಮರಕ್ಕೆ ಎಡಗಡೆ ಗುಳಿ ತುಂಬಿ, ಮೇಲೆ ತೆಳು ಹಿತ್ತಾಳೆ ತಗಡು ಅಂಟಿಸಿ. ಒಂದೇ ಮಡಿಕೆ ಕಾಗದ ಹೋಗುವಷ್ಟು ಸಂದಿ ಸಾಕು. ಸ್ಕ್ರೂಗಳಿಗೆ ಸ್ಪ್ರಿಂಗ್ ವಾಷರ್ ಹಾಕಿ, ಮರದ ಸ್ಕ್ರೂ ಸಡಿಲ ಆದರೆ ಎಲ್ಲ ಮತ್ತೆ ಮೊದಲಿನಿಂದ. ಕೊನೆಗೆ ಪಿನ್ನಿನ ತುದಿಗೂ ಪಕ್ಕದ ಕಬ್ಬಿಣಕ್ಕೂ ಸೇರಿಸಿ ನೈಲ್ ಪಾಲಿಶಿನ ಒಂದು ಗೆರೆ ಎಳೆಯಿರಿ. ಪಿನ್ನು ನಡೆದರೆ ಗೆರೆ ಒಡೆಯುತ್ತದೆ.

ಹತ್ತು ಮೀಟರ್, ಮೈಸೂರು

ಫಿಟ್ಟರ್ ಅಂಕಲ್ ಎಲ್ಲ ಹೇಳಿದ್ದಾರೆ. ನಾನು ಕಾಲೇಜಿನಲ್ಲಿ ಏರ್ ರೈಫಲ್ ಆಡುತ್ತಿದ್ದೆ, ಎರಡೇ ಮಾತು ಸೇರಿಸುತ್ತೇನೆ.

ಪೆಲೆಟ್ ಇಲ್ಲದೆ ಸುಮ್ನೆ ಹೊಡೆಯೋದನ್ನು ನಿಲ್ಲಿಸಿ ಅಣ್ಣ. ಅಂಗಡಿಗಳಲ್ಲಿ ಜನರನ್ನು ಕರೆಯೋಕೆ ಖಾಲಿ ಟಪ್ ಟಪ್ ಅನ್ನಿಸುತ್ತಾರಲ್ಲ, ಅದು ಸ್ಪ್ರಿಂಗ್ ಗನ್ನಿಗೆ ವಿಷ. ಮುಂದೆ ಗಾಳಿ ತಡೆಯೋಕೆ ಏನೂ ಇಲ್ಲದೆ ಪಿಸ್ಟನ್ ಹೋಗಿ ಗುದ್ದುತ್ತದೆ. ಪಿನ್ನು ಅಲ್ಲಾಡೋದಕ್ಕೂ ಅದು ಸಹಾಯ ಮಾಡಿರುತ್ತದೆ.

ಪೆಲೆಟ್ ಸೀಸದ್ದು. ಬಾಯಲ್ಲಿ ನಾಲ್ಕು ಇಟ್ಟುಕೊಂಡು ಒಂದೊಂದೇ ತೆಗೆದು ಹಾಕೋರನ್ನು ನಾನೇ ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಬೇಡ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ.

ಬಲೂನ್ ಬೋರ್ಡು, ಮಂಡ್ಯ

ಅಕ್ಕಾ, ಖಾಲಿ ಟಪ್ ನಾನೇ ಹೊಡೆಯುತ್ತಿದ್ದೆ. ಬಾಯಲ್ಲಿ ಇಟ್ಟುಕೊಳ್ಳುತ್ತಿದ್ದದ್ದು ಅಪ್ಪ. ಎರಡೂ ಬಂದ್.

ಮುಡುಕುತೊರೆ ಮುಗಿಸಿ ಬರೆಯುತ್ತಿದ್ದೇನೆ. ಹೋದ ವಾರ ಮೈಸೂರಿಗೆ ಹೋಗಿ ಗುರುಗಳನ್ನು ನೋಡಿದೆ. ಬುಶ್ ಹಾಕಿಸಿದರು, ದುಡ್ಡು ಮುಟ್ಟಲಿಲ್ಲ. ಚಹಾದ ಜೊತೆ ಮದ್ದೂರು ವಡೆ ನಾನೇ ತಂದಿದ್ದೆ, ಅದನ್ನು ಮಾತ್ರ ಮುಗಿಸಿದರು. ಹಿತ್ತಾಳೆ ತಗಡನ್ನು ಆಚಾರಿಯೇ ಕೂರಿಸಿಕೊಟ್ಟ, "ಮೊದಲೇ ಹೇಳಿದ್ದರೆ ಕೆತ್ತುತ್ತಲೇ ಇರಲಿಲ್ಲ" ಅಂದ. ಮನೆ ಅಂಗಳದಲ್ಲಿ ಮಣ್ಣಿನ ಮೂಟೆ ಇಟ್ಟು ಇನ್ನೂರು ಏಟು ನಾನೊಬ್ಬನೇ ಹೊಡೆದು ನೋಡಿದೆ, ನಳಿಗೆಯಿಂದ ಕೈ ಬಿಡದೆ. ಆಮೇಲೇ ಜಾತ್ರೆಗೆ ತಂದದ್ದು. ಅಲ್ಲಿ ಐದು ದಿನ, ಪ್ರತಿ ರಾತ್ರಿ ಮರ ಬಿಚ್ಚಿ ನೋಡಿದೆ. ಹೆಂಡತಿಯ ಕೆಂಪು ನೈಲ್ ಪಾಲಿಶ್ ಗೆರೆ ಹಾಗೇ ಇದೆ.

ಒಂದೇ ಕಷ್ಟ. ಮೊದಲು ಆ ಗನ್ನಿನಲ್ಲಿ ಹತ್ತಕ್ಕೆ ಆರು ಹೊಡೆದರೆ ದೊಡ್ಡದು. ಈಗ ಟ್ರಿಗರ್ ಬೆಣ್ಣೆ ಥರ ಇದೆ. ತಲಕಾಡಿನ ಕಾಲೇಜು ಹುಡುಗರ ಗುಂಪೊಂದು ಅದೇ ಗನ್ನು ಬೇಕು ಅಂತ ಸಾಲು ನಿಂತಿತು. ಮೂರನೇ ದಿನಕ್ಕೇ ಟೆಡ್ಡಿ ಬೊಂಬೆ ಖಾಲಿ.

ಹಳೇ ಫಿಟ್ಟರ್, ಮೇಟಗಳ್ಳಿ

ಅದಕ್ಕೆ ನಾನು ಜವಾಬ್ದಾರನಲ್ಲ. ಬಲೂನು ಸಣ್ಣದಾಗಿ ಊದಿ.